ಊರಿಗೆಲ್ಲ ಗೊತ್ತಿರುವ ಸಾವು

ನಮ್ಮ ಮಾವ ಹೇಗೆ ತೀರಿಕೊಂಡರು ಅಂತ ಯಾರಾದರೂ ಕೇಳಿದರೆ ನಾವು ಹೆಚ್ಚು ಹೇಳಬೇಕಾಗಿಯೇ ಇಲ್ಲ. "ಮಂಗಳೂರು ವಿಮಾನ" ಅಂದರೆ ಸಾಕು. "ಅಯ್ಯೋ, ಆ ವಿಮಾನದಲ್ಲಾ?" ಅಂತಾರೆ. ಒಂದು ಗಳಿಗೆ ಸುಮ್ಮನಾಗುತ್ತಾರೆ. ಆಮೇಲೆ ಶುರು. ಅವತ್ತು ಬೆಳಿಗ್ಗೆ ತಾವು ಎಲ್ಲಿದ್ದೆವು, ಟಿವಿಯಲ್ಲಿ ಏನೇನು ತೋರಿಸಿದರು, ತಮ್ಮ ಪರಿಚಯದವರೊಬ್ಬರು ಅದೇ ವಿಮಾನಕ್ಕೆ ಟಿಕೆಟ್ ಮಾಡಿಸಿ ಕೊನೇ ಗಳಿಗೆಯಲ್ಲಿ ಹೇಗೆ ಕ್ಯಾನ್ಸಲ್ ಮಾಡಿದರು. ಈ ಕ್ಯಾನ್ಸಲ್ ಮಾಡಿದವರ ಕತೆಯನ್ನು ನಾನು ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೆ ಅಂದರೆ, ಅವರನ್ನೆಲ್ಲ ಸೇರಿಸಿದರೆ ಇನ್ನೊಂದು ವಿಮಾನವೇ ತುಂಬುತ್ತದೆ.

ಯಾರ ಮೇಲೂ ಸಿಟ್ಟಿಲ್ಲ. ಊರಿಗೆಲ್ಲ ಗೊತ್ತಿರುವ ಸಾವು ಅಂದರೆ ಹೀಗೇ ಇರಬೇಕೇನೋ. ಎಲ್ಲರಿಗೂ ಅದರಲ್ಲಿ ಒಂದು ಪಾಲು ಇರುತ್ತದೆ. ಆದರೆ ಮಾತು ಮುಗಿಯುವ ಹೊತ್ತಿಗೆ ಮಾವ ಎಲ್ಲೂ ಇರುವುದಿಲ್ಲ. ಅದೇ ಹಾರ್ಟ್ ಅಟ್ಯಾಕ್ ಆಗಿದ್ದಿದ್ದರೆ, ಮರದಿಂದ ಬಿದ್ದಿದ್ದಿದ್ದರೆ, "ಹೌದಾ, ಎಷ್ಟು ವಯಸ್ಸು, ಏನು ಮಾಡ್ಕೊಂಡಿದ್ರು, ಮದುವೆ ಆಗಿತ್ತಾ" ಅಂತ ಕೇಳುತ್ತಿದ್ದರು. ಇಲ್ಲಿ ಕೇಳುವುದು ಯಾವ ಸೀಟು ಅಂತ.

ಹೊಸಬರಿಗಾಗಿ ಒಂದೆರಡು ಮಾತು. 2010ರ ಮೇ 22, ಶನಿವಾರ. ದುಬೈನಿಂದ ಬಂದ ವಿಮಾನ ಬೆಳಿಗ್ಗೆ 6 ಗಂಟೆ ದಾಟಿದ ಮೇಲೆ ಬಜ್ಪೆಯಲ್ಲಿ, ಅಂದರೆ ಮಂಗಳೂರು ಏರ್‌ಪೋರ್ಟಿನಲ್ಲಿ, ಇಳಿಯಿತು, ನಿಲ್ಲಲಿಲ್ಲ, ರನ್‌ವೇ ದಾಟಿ ಕೆಂಜಾರಿನ ಕಡೆ ಕಮರಿಗೆ ಬಿದ್ದು ಹೊತ್ತಿಕೊಂಡಿತು. ಒಳಗಿದ್ದವರು 160 ಪ್ರಯಾಣಿಕರು, 6 ಸಿಬ್ಬಂದಿ. ಬದುಕಿ ಉಳಿದವರು 8 ಜನ. 158 ಜನರಲ್ಲಿ ಒಬ್ಬರು ನನ್ನ ಅಮ್ಮನ ತಮ್ಮ.

ನಮ್ಮದು ಮದೆನಾಡಿನ ಹತ್ತಿರ, ಮಡಿಕೇರಿಯಿಂದ ಸಂಪಾಜೆ ಕಡೆ ಇಳಿಯುವ ದಾರಿಯಲ್ಲಿ. ಅಜ್ಜಿ ಮನೆ ನಮ್ಮ ತೋಟದ ಮೇಲ್ಗಡೆಯೇ. ಸ್ವಲ್ಪ ಕಾಫಿ, ಸ್ವಲ್ಪ ಕರಿಮೆಣಸು, ಗದ್ದೆ ಇತ್ತು, ಆಮೇಲೆ ಪಾಳು ಬಿಟ್ಟರು. ಮಾವ ಐಟಿಐ ಮುಗಿಸಿ ಶಾರ್ಜಾಕ್ಕೆ ಹೋದರು, ಎಸಿ ಮೆಕ್ಯಾನಿಕ್. ಕೊಡಗು ಅಂದರೆ ಎಲ್ಲರೂ ಮಿಲಿಟರಿ ಅಂದುಕೊಳ್ಳುತ್ತಾರೆ. ಆದರೆ ಮಡಿಕೇರಿ, ಸುಂಟಿಕೊಪ್ಪ, ನಾಪೋಕ್ಲು, ಸಿದ್ದಾಪುರ ಎಲ್ಲಿ ಹೋಗಿ ನೋಡಿದರೂ ಗಲ್ಫ್ ದುಡ್ಡಿನಲ್ಲಿ ಎದ್ದ ಮನೆ ಒಂದಾದರೂ ಸಿಗುತ್ತದೆ. ನಮಗೆ ಘಟ್ಟ ಇಳಿದರೆ ಸುಳ್ಯ, ಪುತ್ತೂರು, ಅಲ್ಲಿಂದ ಬಜ್ಪೆ ಹತ್ತಿರ. ಹಾಗಾಗಿ ಮಾವನಿಗೆ ಯಾವಾಗಲೂ ಮಂಗಳೂರಿನ ವಿಮಾನವೇ.

ಮಾವ ರಜೆ ತೆಗೆದುಕೊಳ್ಳುತ್ತಿದ್ದದ್ದು ಮೇ ತಿಂಗಳಲ್ಲಿ. ಬೇರೆಯವರು ಹಬ್ಬಕ್ಕೆ, ಮದುವೆಗೆ ಅಂತ ಬರುತ್ತಾರಲ್ವಾ, ಇವರು ಬರುತ್ತಿದ್ದದ್ದು ಮಾಡಿನ ಹೆಂಚು ಸರಿ ಮಾಡುವುದಕ್ಕೆ. ಮಳೆ ಹಿಡಿಯುವ ಮೊದಲು ಸೋರುವ ಜಾಗ ನೋಡಬೇಕು, ಸೌದೆ ಒಳಗೆ ಹಾಕಬೇಕು, ನೀರು ಹೋಗುವ ಕಣಿ ಬಿಡಿಸಬೇಕು. ಆಳುಗಳ ಮೇಲೆ ನಂಬಿಕೆಯೇ ಇಲ್ಲ. ತಾನೇ ಮಾಡಿನ ಮೇಲೆ ಹತ್ತಿ ಕೂತು ಕೆಳಗಿದ್ದ ನಮಗೆಲ್ಲ ಬೈಯುತ್ತಾ ಒಂದೊಂದೇ ಹೆಂಚು ಬದಲಾಯಿಸುತ್ತಿದ್ದರು.

ಮಳೆಯ ವಿಷಯ ಬಂತಲ್ಲ, ಹೇಳಲೇಬೇಕು. ಕೊಡಗಿನಲ್ಲಿ ಮಳೆಯನ್ನು ಇಂಚು, ಸೆಂಟ್ ಲೆಕ್ಕದಲ್ಲಿ ಹೇಳುವುದು ನಿಮಗೆ ಗೊತ್ತಿರಬಹುದು. ಒಂದು ಇಂಚಿಗೆ 100 ಸೆಂಟ್. "ನಿಮ್ಮಲ್ಲಿ ಎಷ್ಟು?" "80 ಸೆಂಟ್." "ನಮ್ಮಲ್ಲಿ 40 ಕೂಡ ಬರ್ಲಿಲ್ಲ ಮಾರಾಯ." ಮಾರ್ಚ್‌ನಲ್ಲಿ ಎರಡು ತೋಟದವರು ಸಿಕ್ಕಿದರೆ ಮೊದಲ ಮಾತೇ ಇದು. ಹೂಮಳೆ ಸರಿಯಾಗಿ ಬಿದ್ದರೆ ಕಾಫಿ ಹೂ ಬಿಡುತ್ತದೆ, ಆಮೇಲೆ ಬ್ಯಾಕಿಂಗ್ ಮಳೆ ಬಂದರೆ ಕಾಯಿ ಕಚ್ಚುತ್ತದೆ, ತಪ್ಪಿದರೆ ವರ್ಷವೇ ಹೋಯಿತು. ಮಾವ ಅಂಗಳದಲ್ಲಿ ಒಂದು ಮಳೆಮಾಪಕ ನೆಟ್ಟು ಹೋಗಿದ್ದರು. ಶಾರ್ಜಾದಿಂದ ಶುಕ್ರವಾರ ಫೋನ್. ಅಜ್ಜಿ ಹೇಗಿದ್ದಾರೆ ಅಂತ ಕೇಳುವ ಮೊದಲೇ "ಎಷ್ಟು ಸೆಂಟ್?" ಅಂತ ಕೇಳುವುದು. ಬೆಳಿಗ್ಗೆ 8 ಗಂಟೆಗೆ ಅಳೆದು ನೋಟ್‌ಬುಕ್‌ನಲ್ಲಿ ಬರೆಯುವ ಕೆಲಸ ನನ್ನದು. ಮಳೆ ಇಲ್ಲದ ದಿನವೂ ಸೊನ್ನೆ ಅಂತ ಬರೆಯಬೇಕು. ಬಿಟ್ಟರೆ ಬೈಗುಳ. ಮರುಭೂಮಿಯಲ್ಲಿ ಕೂತವನಿಗೆ ನಮ್ಮ ಅಂಗಳದ ಮಳೆ ಯಾಕೆ ಅಂತ ನಾನು ಒಮ್ಮೆ ಕೇಳಿದ್ದಕ್ಕೆ, "ಬೇರೆ ಏನು ಕೇಳ್ಲಿ? ನಿನ್ನ ಮಾರ್ಕ್ಸ್ ಕೇಳ್ಲಾ?" ಅಂದರು. ಆಮೇಲೆ ನಾನು ತೆಪ್ಪಗೆ ಬರೆದೆ.

ಆ ದಿನದ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಟಿವಿಯವರು ಸಾಕಷ್ಟು ತೋರಿಸಿದ್ದಾರೆ. ಅಪ್ಪ ಬೆಳಗಿನ ಜಾವ ಜೀಪ್ ತೆಗೆದುಕೊಂಡು ಮಾವನನ್ನು ಕರೆತರಲು ಹೊರಟಿದ್ದರು. ಬಿ.ಸಿ. ರೋಡ್ ಹತ್ತಿರ ಚಹಾಕ್ಕೆ ನಿಲ್ಲಿಸಿದಾಗ ಹೋಟೆಲಿನಲ್ಲಿ ಎಲ್ಲರೂ ಟಿವಿ ಮುಂದೆ ನಿಂತಿದ್ದರಂತೆ. ಮೊದಲು ಯಾವುದೋ ಬೇರೆ ದೇಶದ ಸುದ್ದಿ ಅಂದುಕೊಂಡರಂತೆ. ಬಜ್ಪೆ ಅನ್ನುವ ಹೆಸರು ಓದಿದ ಮೇಲೂ, ಮಾವನ ವಿಮಾನ ಇದಲ್ಲ, ಇನ್ನೊಂದು ಇರಬಹುದು ಅಂತಲೇ ಮುಂದೆ ಹೋದರು. ಕೆಂಜಾರಿನ ದಾರಿ ಇಕ್ಕಟ್ಟು. ಆಂಬ್ಯುಲೆನ್ಸ್, ಫೈರ್ ಎಂಜಿನ್, ಅದರ ಮಧ್ಯೆ ನೋಡಲು ಬಂದ ಜನ. ಆದರೆ ಮೊದಲು ಕಮರಿಗೆ ಇಳಿದು ಹೊತ್ತವರೂ ಅಲ್ಲಿನ ಜನರೇ. ಅಪ್ಪ ಇದನ್ನು ಯಾವಾಗಲೂ ಒತ್ತಿ ಹೇಳುತ್ತಾರೆ.

ನನಗೆ ನೆನಪಿರುವುದು ಎಕ್ಸ್‌ರೇ.

ಮಾವ ಗಲ್ಫಿಗೆ ಹೋಗುವ ಮೊದಲು ಒಮ್ಮೆ ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದಿದ್ದರು. ನಮ್ಮ ಕಡೆಯ ಮೆಣಸಿನ ಏಣಿ ನೋಡಿದ್ದೀರಾ? ಒಂದೇ ಬಿದಿರು, ಅದರ ಗಣ್ಣುಗಳಲ್ಲಿ ಕಾಲಿಡುವಷ್ಟೇ ಜಾಗ. ಸಿಲ್ವರ್ ಮರಕ್ಕೆ ಆನಿಸಿ ಹಗ್ಗ ಕಟ್ಟಿ ಹತ್ತುವುದು. ಮಾವ ಹಗ್ಗ ಕಟ್ಟಿರಲಿಲ್ಲ. ಬಲಗಾಲಿನ ಮೂಳೆ ಎರಡು ಕಡೆ ಮುರಿದು, ಸ್ಟೀಲ್ ಪ್ಲೇಟ್ ಇಟ್ಟು ಆರು ಸ್ಕ್ರೂ ಹಾಕಿದ್ದರು. ಆಮೇಲೆ ತೆಗೆಸಬೇಕು ಅಂತ ಡಾಕ್ಟರ್ ಹೇಳಿದ್ದರೂ ಇವರು ತೆಗೆಸಲಿಲ್ಲ, ಖರ್ಚು ಯಾಕೆ ಅಂತ. ಏರ್‌ಪೋರ್ಟಿನಲ್ಲಿ ಪ್ರತಿ ಸಲವೂ ಮೆಷಿನ್ ಕಿರುಚುತ್ತಿತ್ತು, ಪ್ಯಾಂಟ್ ಎತ್ತಿ ಗಾಯದ ಗುರುತು ತೋರಿಸಬೇಕಿತ್ತು. ಅದನ್ನು ದೊಡ್ಡ ಪ್ರತಾಪ ಅನ್ನೋ ಹಾಗೆ ನಮಗೆ ಹೇಳುತ್ತಿದ್ದರು.

ಅವತ್ತು ಮಧ್ಯಾಹ್ನ ಅಪ್ಪ ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯಿಂದ ಫೋನ್ ಮಾಡಿ ಅಮ್ಮನಿಗೆ ಹೇಳಿದ್ದು ಒಂದೇ ಮಾತು: "ಆ ಎಕ್ಸ್‌ರೇ ಎಲ್ಲುಂಟು ನೋಡು." ಅದು ಅಜ್ಜಿಯ ಬೀರುವಿನಲ್ಲಿ, ರೇಷನ್ ಕಾರ್ಡು, ಜಮಾಬಂದಿ ಕಾಗದಗಳ ಅಡಿಯಲ್ಲಿತ್ತು. ಹಳದಿ ಕವರ್, ಅಂಚಿಗೆ ಜಿರಲೆ ತಿಂದಿತ್ತು. ದೊಡ್ಡಪ್ಪನ ಮಗ ಕಾರು ತೆಗೆದ, ನಾನು ಹಿಂದೆ ಕೂತೆ. ಘಟ್ಟದ ತಿರುವುಗಳಲ್ಲಿ ಅದು ಮಡಚಿ ಹೋಗಬಾರದು ಅಂತ ಎರಡೂ ಕೈಯಲ್ಲಿ ಎದೆಗೆ ಹಿಡಿದುಕೊಂಡಿದ್ದೆ. ಸುಳ್ಯದಲ್ಲಿ ಒಮ್ಮೆ ಕವರಿನಿಂದ ತೆಗೆದು ಕಿಟಕಿ ಬೆಳಕಿಗೆ ಹಿಡಿದು ನೋಡಿದೆ. ಬೂದು ಬಣ್ಣದ ಮೂಳೆ, ಪಕ್ಕದಲ್ಲಿ ಬೆಳ್ಳಗೆ ಹೊಳೆಯುವ ಪ್ಲೇಟ್, ಕೆಳಗಿನಿಂದ ಎರಡನೇ ಸ್ಕ್ರೂ ಸ್ವಲ್ಪ ಓರೆ. ಮೂಲೆಯಲ್ಲಿ ಮಾವನ ಹೆಸರು, ಸ್ಪೆಲಿಂಗ್ ತಪ್ಪು.

ಆಸ್ಪತ್ರೆಯಲ್ಲಿ ಜನವೋ ಜನ. ಮಂಗಳೂರಿನವರು, ಕಾಸರಗೋಡಿನವರು, ಭಟ್ಕಳದವರು, ಮಲಯಾಳ, ಬ್ಯಾರಿ, ತುಳು, ಕೊಂಕಣಿ ಎಲ್ಲ ಭಾಷೆಯ ಅಳು. ಬಹಳಷ್ಟು ಜನರ ಕೈಯಲ್ಲಿ ಫೋಟೋ ಇತ್ತು. ಫೋಟೋದಿಂದ ಏನೂ ಆಗುವ ಹಾಗಿರಲಿಲ್ಲ. ಅಪ್ಪ ಎಕ್ಸ್‌ರೇ ತೆಗೆದುಕೊಂಡು ಒಳಗೆ ಹೋದರು, ತುಂಬಾ ಹೊತ್ತಾದ ಮೇಲೆ ಹೊರಗೆ ಬಂದರು. "ಆರು ಸ್ಕ್ರೂ ಉಂಟು. ಒಂದು ಓರೆ" ಅಂದರು.

ಹೀಗೆ ನಮಗೆ ನಮ್ಮ ಮಾವ ಸಿಕ್ಕರು. ಆಸ್ಪತ್ರೆ ಖರ್ಚು ಉಳಿಸಲು ಹೋಗಿ ಬಿಟ್ಟ ಪ್ಲೇಟ್. ಆ ಜಿಪುಣತನವನ್ನು ಎಷ್ಟು ಬೈದಿದ್ದೆವೋ.

ಎಲ್ಲರಿಗೂ ಇಷ್ಟು ಖಚಿತ ಗುರುತು ಇರಲಿಲ್ಲ. ಹೈದರಾಬಾದಿನ ಲ್ಯಾಬಿನಿಂದ ಡಿಎನ್ಎ ಪರೀಕ್ಷೆ ಮಾಡಿಸಿದರು, ಆದರೂ 12 ದೇಹಗಳ ಗುರುತು ಸಿಗಲೇ ಇಲ್ಲ. ಅವನ್ನು ಕೂಳೂರಿನ ಹತ್ತಿರ, ಫಲ್ಗುಣಿ ನದಿಯ ದಡದಲ್ಲಿ, ಎಲ್ಲ ಧರ್ಮದ ಪ್ರಾರ್ಥನೆ ಮಾಡಿ ಒಟ್ಟಿಗೆ ಮಣ್ಣು ಮಾಡಿದರು. ಈಗ ಅಲ್ಲಿ ಸ್ಮಾರಕ ಇದೆ, ಮೇ 22ಕ್ಕೆ ಅಧಿಕಾರಿಗಳು ಬಂದು ಹೂ ಇಡುತ್ತಾರೆ. ಅಜ್ಜಿ ಬದುಕಿರುವವರೆಗೆ ಮಂಗಳೂರಿಗೆ ಯಾರಾದರೂ ಹೊರಟರೆ ಅಲ್ಲಿಗೂ ಹೋಗಿ ಬನ್ನಿ ಅನ್ನುತ್ತಿದ್ದರು. ನಮ್ಮವರು ಅಲ್ಲಿ ಇಲ್ಲವಲ್ಲ ಅಜ್ಜಿ ಅಂದರೆ, "ಅದಕ್ಕೇ ಹೋಗ್ಬೇಕು. ಅವರಿಗೆ ಯಾರು ಬರ್ತಾರೆ?" ಇಷ್ಟೇ ಉತ್ತರ. ನಾನು ಹೋಗಿದ್ದೇನೆ. ಸ್ಮಾರಕದ ಹತ್ತಿರ ನಿಂತಿದ್ದವರೊಬ್ಬರು ನಾನು ಯಾರು ಅಂತ ತಿಳಿದ ಮೇಲೆ, ತಮ್ಮ ಭಾವನ ಕ್ಯಾನ್ಸಲ್ ಆದ ಟಿಕೆಟ್ ಕತೆ ಹೇಳಿದರು.

ತನಿಖಾ ವರದಿ ಹೊರಬಂದಾಗ ನಾನು ಅದನ್ನು ಪೂರ್ತಿ ಓದಿದೆ. ಮನೆಯಲ್ಲಿ ಬೇರೆ ಯಾರೂ ಓದಲಿಲ್ಲ. ನನಗೆ ಮೊದಲು ಬೇಕಿದ್ದದ್ದು ಹವಾಮಾನದ ಪುಟ. ನಮ್ಮೂರಿನಲ್ಲಿ ಯಾವ ಕೆಟ್ಟದ್ದಾದರೂ ಮಳೆಯ ತಲೆಗೆ ಕಟ್ಟಿಬಿಡುವ ಅಭ್ಯಾಸ ಇದೆ. ಆದರೆ ಆ ಹೊತ್ತಿನಲ್ಲಿ ಬಜ್ಪೆಯಲ್ಲಿ ಮಳೆ ಇರಲಿಲ್ಲ, ಗಾಳಿ ಇರಲಿಲ್ಲ, 6 ಕಿ.ಮೀ. ದೂರದವರೆಗೆ ಕಾಣುತ್ತಿತ್ತು. ವಿಮಾನಕ್ಕೂ ಏನೂ ಆಗಿರಲಿಲ್ಲ. ಕ್ಯಾಪ್ಟನ್ ದಾರಿಯಲ್ಲಿ ಒಂದೂವರೆ ಗಂಟೆಗಿಂತ ಹೆಚ್ಚು ನಿದ್ದೆ ಮಾಡಿದ್ದರು. ಇಳಿಯುವಾಗ ವಿಮಾನ ಇರಬೇಕಾದ್ದಕ್ಕಿಂತ ತುಂಬಾ ಎತ್ತರದಲ್ಲಿತ್ತು. 8,000 ಅಡಿ ಚಿಲ್ಲರೆಯ ರನ್‌ವೇಯಲ್ಲಿ 5,200 ಅಡಿ ಹೋದ ಮೇಲೆ ಚಕ್ರ ನೆಲ ಮುಟ್ಟಿತು. ಆಮೇಲೂ ಬ್ರೇಕ್ ಹಾಕಿ ನಿಲ್ಲಿಸುವ ಬದಲು ಮತ್ತೆ ಏರಿಸಲು ನೋಡಿದರು. ತುದಿಯಲ್ಲಿ ಆಂಟೆನಾ ನಿಲ್ಲಿಸಿದ್ದ ಕಾಂಕ್ರೀಟ್ ಕಟ್ಟೆಗೆ ರೆಕ್ಕೆ ಬಡಿಯಿತು. ಅದರಾಚೆ ಗುಡ್ಡ ಮುಗಿಯಿತು. ಗುಡ್ಡದ ನೆತ್ತಿ ಸಪಾಟು ಮಾಡಿ ಕಟ್ಟಿದ ರನ್‌ವೇ ಅದು, ಟೇಬಲ್‌ಟಾಪ್ ಅಂತಾರಲ್ಲ, ಅದೇ.

"ಪೈಲಟ್ ಗೊರಕೆ ಹೊಡೆಯುತ್ತಿದ್ದ" ಅನ್ನುವ ವಾಟ್ಸಾಪ್ ಫಾರ್ವರ್ಡ್ ನನಗೆ ಈಗಲೂ ಆಗಾಗ ಬರುತ್ತದೆ. ಕಳಿಸುವವರಿಗೆ ನಾನು ಯಾರು ಅಂತ ಗೊತ್ತಿರುವುದಿಲ್ಲ. ಅಮ್ಮನಿಗೆ ಆ ಕ್ಯಾಪ್ಟನ್ ಮೇಲೆ ಕೋಪ ಇಲ್ಲ. "ನಿನ್ನ ಮಾವನೂ ರಾತ್ರಿ ಜೀಪ್ ಓಡಿಸ್ತಾ ಕಾಟಕೇರಿ ತಿರುವಿನಲ್ಲಿ ತೂಕಡಿಸಿದವನೇ" ಅನ್ನುತ್ತಾರೆ. ನನಗೆ ಅಷ್ಟು ದೊಡ್ಡ ಮನಸ್ಸಿಲ್ಲ. ಆದರೆ ನನ್ನನ್ನು ಕಾಡುವುದು ಗೊರಕೆಯಲ್ಲ, ಪಕ್ಕದಲ್ಲಿ ಕೂತಿದ್ದ ಸಹ ಪೈಲಟ್. ಇಳಿಸಬೇಡಿ, ಮತ್ತೆ ಮೇಲೇರಿ ಅಂತ ಅವರು ಮೂರು ಸಲ ಹೇಳಿದ್ದರು. ಯಂತ್ರವೂ ಎಚ್ಚರಿಕೆ ಕೊಡುತ್ತಲೇ ಇತ್ತು. ಹೇಳಿದರು, ಆದರೆ ಕೈ ಹಾಕಲಿಲ್ಲ. ಹಿರಿಯರ ಕೈಯಿಂದ ಕಿತ್ತುಕೊಳ್ಳುವ ಅಧಿಕಾರ ಕಿರಿಯರಿಗೆ ನಿಯಮದಲ್ಲಿ ಬಿಡಿಸಿ ಬರೆದಿರಲಿಲ್ಲ ಅಂತ ವರದಿಯಲ್ಲೂ ಇದೆ. ನಮ್ಮ ಮನೆಗಳಲ್ಲಿ ನೋಡಿ, ದೊಡ್ಡವರು ತಪ್ಪು ದಾರಿಗೆ ಗಾಡಿ ತಿರುಗಿಸಿದರೂ ಹಿಂದೆ ಕೂತ ನಾವು ಎಷ್ಟು ಸಣ್ಣ ದನಿಯಲ್ಲಿ ಹೇಳುತ್ತೇವೆ ಅಂತ. 158 ಜನರನ್ನು ಈ ಸಣ್ಣ ದನಿ ತಿಂದುಹಾಕಿತು ಅಂತ ನನಗೆ ಅನ್ನಿಸುತ್ತದೆ. ಇದು ನನ್ನ ಅನಿಸಿಕೆ ಅಷ್ಟೆ, ವರದಿಯದ್ದಲ್ಲ.

ಪರಿಹಾರದ ಕತೆಯನ್ನು ಬೇಗ ಮುಗಿಸಿಬಿಡುತ್ತೇನೆ, ಅದನ್ನು ನೆನೆಸಿಕೊಂಡರೆ ಬಾಯಿ ಕಹಿ. ಭಾರತ ಅದರ ಹಿಂದಿನ ವರ್ಷವಷ್ಟೇ ಮಾಂಟ್ರಿಯಲ್ ಒಪ್ಪಂದಕ್ಕೆ ಸೇರಿತ್ತು. ಅದರ ಪ್ರಕಾರ ಪ್ರತಿಯೊಬ್ಬರಿಗೂ ಕನಿಷ್ಠ 75 ಲಕ್ಷ ಬರಬೇಕು ಅಂತ ಕೆಲವರು ಕೋರ್ಟಿಗೆ ಹೋದರು. ಆದರೆ ಮಾತುಕತೆಗೆ ಕೂತಾಗ ಎಲ್ಲವೂ ಸತ್ತವರ ಸಂಬಳದ ಚೀಟಿಯ ಮೇಲೆ. ದೊಡ್ಡ ಸಂಬಳದವರಿಗೆ ಒಂದು ರೇಟು, ಎಸಿ ಮೆಕ್ಯಾನಿಕ್‌ಗೆ ಇನ್ನೊಂದು, ಮದುವೆಯಾಗದ ಎಸಿ ಮೆಕ್ಯಾನಿಕ್‌ಗೆ ಅದಕ್ಕಿಂತ ಕಡಿಮೆ. ಅಜ್ಜಿಯ ವಯಸ್ಸು ಕೇಳಿದರು. ಇನ್ನೆಷ್ಟು ವರ್ಷ ಅವರನ್ನು ಸಾಕಬೇಕಿತ್ತು ಅನ್ನುವ ಲೆಕ್ಕಕ್ಕೆ. ಅಪ್ಪ ಕಾಗದಕ್ಕೆ ಸಹಿ ಹಾಕಿ ಎದ್ದು ಬಂದರು. ಒಂದು ಕುಟುಂಬ ಬಿಡದೆ ಹೋರಾಡಿ, 2020ರಲ್ಲಿ ಸುಪ್ರೀಂ ಕೋರ್ಟಿನಿಂದ 7.64 ಕೋಟಿ ಪಡೆಯಿತು. ಹತ್ತು ವರ್ಷ ಬೇಕಾಯಿತು ಅದಕ್ಕೆ. ಅವರ ತಾಳ್ಮೆಗೆ ಕೈಮುಗಿಯಬೇಕು.

ಊರಿಗೆಲ್ಲ ಗೊತ್ತಿರುವ ದುಃಖ ಎಂಥದು ಅಂತ ನಮ್ಮ ಸುತ್ತಮುತ್ತಲಿನವರಿಗೆಲ್ಲ ತಿಳಿದದ್ದು 2018ರ ಆಗಸ್ಟ್‌ನಲ್ಲಿ. ಜೋಡುಪಾಲ, ಮದೆನಾಡು, ಮೊಣ್ಣಂಗೇರಿ, ಆಚೆ ಮಕ್ಕಂದೂರು, ಎಲ್ಲ ಕಡೆ ಗುಡ್ಡ ಜಾರಿತು. ಮಂಗಳೂರು ರಸ್ತೆ ಕಡಿದುಹೋಯಿತು. ಮೈಕ್ ಹಿಡಿದವರು ಬಂದರು. ಮನೆ ಕಳೆದುಕೊಂಡ ನಮ್ಮ ಕೆಳಗಿನ ಮನೆಯಕ್ಕ ಕ್ಯಾಮೆರಾ ಮುಂದೆ ಅಳಬೇಕಾಯಿತು, ಎರಡನೇ ಚಾನಲ್‌ನವರಿಗೆ ಅದನ್ನೇ ಇನ್ನೊಮ್ಮೆ. ಆಮೇಲೆ ನನ್ನ ಹತ್ತಿರ ಬಂದು, "ನಿಂಗೆ ಗೊತ್ತಲ್ವಾ ಇದೆಲ್ಲ" ಅಂದರು. ಹೌದು, ಗೊತ್ತಿತ್ತು. ಅವರು ಅತ್ತದ್ದು ಹೋದ ಮನೆಗಲ್ಲ, ಹೊಸದಾಗಿ ಕರು ಹಾಕಿದ್ದ ಹಸುವಿಗೆ. ಆದರೆ ಯಾವ ಚಾನಲ್‌ನವರೂ ಹಸುವಿನ ಬಗ್ಗೆ ಕೇಳಲಿಲ್ಲ.

2020ರ ಆಗಸ್ಟ್ ಮೊದಲ ವಾರವಂತೂ ವಿಚಿತ್ರ. 5ರ ರಾತ್ರಿ ಕಳೆದು ಬೆಳಗಾಗುವುದರೊಳಗೆ ತಲಕಾವೇರಿಯ ಬ್ರಹ್ಮಗಿರಿ ಬೆಟ್ಟ ಕುಸಿದು ಅರ್ಚಕರ ಮನೆ ಮಣ್ಣಿನಡಿಗೆ ಹೋಯಿತು, ಐದು ಜನ. ನಾವೆಲ್ಲ ಅದನ್ನೇ ನೋಡುತ್ತಾ ಕೂತಿದ್ದೆವು. 7ರ ರಾತ್ರಿ ಟಿವಿಯಲ್ಲಿ ಇದ್ದಕ್ಕಿದ್ದಂತೆ ಎರಡು ತುಂಡಾದ ವಿಮಾನ. ಕೋಯಿಕ್ಕೋಡಿನ ಕರಿಪುರ. ಮತ್ತೆ ದುಬೈನಿಂದ ಬಂದದ್ದು, ಮತ್ತೆ ಟೇಬಲ್‌ಟಾಪ್, ಅದೇ ಕಂಪನಿ. ಕೊರೊನಾ ಕಾಲದಲ್ಲಿ ಊರಿಗೆ ಮರಳುತ್ತಿದ್ದವರು, ಸಿಬ್ಬಂದಿ ಸೇರಿ 190 ಜನ, ತೀರಿಕೊಂಡವರು 21. ಈ ಸಲ ಬೆಂಕಿ ಹತ್ತಲಿಲ್ಲ, ಅದಕ್ಕೇ ಅಷ್ಟು ಜನ ಉಳಿದರು. ಚಾನಲ್‌ನವರು ತಲಕಾವೇರಿ ಒಮ್ಮೆ, ಕರಿಪುರ ಒಮ್ಮೆ ತೋರಿಸುತ್ತಿದ್ದರು. ಮಧ್ಯೆ ಮಂಗಳೂರಿನ ಹಳೆಯ ವಿಡಿಯೋ. ಅಮ್ಮ ರಿಮೋಟ್ ತೆಗೆದುಕೊಂಡು ಸೌಂಡ್ ಮಾತ್ರ ಆಫ್ ಮಾಡಿದರು. ನೋಡುವುದನ್ನು ಬಿಡಲಿಲ್ಲ. 2025ರ ಜೂನ್ 12ಕ್ಕೆ ಅಹಮದಾಬಾದಿನಲ್ಲಿ ವಿಮಾನ ಬಿದ್ದಾಗಲೂ ಹಾಗೆಯೇ. ಒಳಗಿದ್ದ 242 ಜನರಲ್ಲಿ ಒಬ್ಬರೇ ಉಳಿದದ್ದು. ನಮ್ಮ ಮನೆಗೆ ಫೋನ್ ಮೇಲೆ ಫೋನ್. "ನಿಮ್ಮ ಮಾವನ ನೆನಪಾಯ್ತು" ಅಂತ. ಪಾಪ, ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ಮಾವನ ನೆನಪಾಗಿರಲಿಲ್ಲ ಅವರಿಗೆ, ವಿಮಾನದ ನೆನಪಾಗಿತ್ತು.

ಮಾವನ ನೆನಪು ಅಂದರೆ ಏನು ಹಾಗಾದರೆ? ಹಿರಿಯರಿಗೆ ಬಡಿಸುವ ದಿನ ಅಜ್ಜಿ ಎಲೆಯ ಮೇಲೆ ಕಣಿಲೆ ಪಲ್ಯ, ಒಣಮೀನು ಚಟ್ನಿ, ಕೋಳಿ ಸಾರು ಎಲ್ಲ ಇಟ್ಟು, ಕೊನೆಗೆ ಒಂದು ಲೋಟ ಟ್ಯಾಂಗ್ ಕಲಸಿ ಇಡುತ್ತಿದ್ದರು. ಗಲ್ಫಿನಿಂದ ಬರುವ ಪ್ರತಿ ಪೆಟ್ಟಿಗೆಯಲ್ಲೂ ಟ್ಯಾಂಗ್ ಡಬ್ಬಿ, ಕೋಡಾಲಿ ತೈಲ (ನೋವಿಗೆ ಹಚ್ಚುವ ಎಣ್ಣೆ), ಟಾರ್ಚು ಇರಲೇಬೇಕಲ್ಲ. ಅಸಲಿಗೆ ಮಾವ ಅದನ್ನು ಒಂದು ದಿನವೂ ಕುಡಿದವರಲ್ಲ. "ಬಣ್ಣದ ನೀರು" ಅನ್ನುತ್ತಿದ್ದರು. ಇಸ್ಪೀಟಿನಲ್ಲಿ ಮೋಸ ಮಾಡುತ್ತಿದ್ದರು, ಸಿಕ್ಕಿಬಿದ್ದರೆ ಜೋರಾಗಿ ನಗುತ್ತಿದ್ದರು. ತನ್ನ ಸ್ಪ್ಯಾನರ್, ಕತ್ತಿ, ಹಾರೆ ಎಲ್ಲದರ ಮೇಲೂ ಕೆಂಪು ನೇಲ್ ಪಾಲಿಶ್‌ನಲ್ಲಿ ಹೆಸರು ಬರೆದಿಡುತ್ತಿದ್ದರು, ಯಾರೂ ಕದಿಯಬಾರದು ಅಂತ. ಹುಡುಗಿ ನೋಡಲು ಹೋದ ಮನೆಯಲ್ಲಿ ಫ್ಯಾನ್ ಸದ್ದು ಮಾಡುತ್ತಿದೆ ಅಂತ ಸ್ಟೂಲ್ ಹತ್ತಿ ರಿಪೇರಿ ಮಾಡಿ ಬಂದರು. ಫ್ಯಾನ್ ಸರಿಯಾಯಿತು, ಸಂಬಂಧ ಆಗಲಿಲ್ಲ.

ಇದನ್ನೆಲ್ಲ ಕೇಳುವವರು ಕಡಿಮೆ. ಹೇಳಲು ಹೊರಟರೂ ಎದುರಿನವರು ಆ ಮುಖ ಮಾಡುತ್ತಾರೆ, ನಗಬೇಕೋ ಬೇಡವೋ ಗೊತ್ತಾಗದ ಮುಖ. ಹಾಗೆ ಸತ್ತವರ ಬಗ್ಗೆ ನಗಬಾರದು ಅಂತ.

ಒಬ್ಬರು ಮಾತ್ರ ಹಾಗಿಲ್ಲ. ಅಜ್ಜಿ ಮನೆಯ ಪಕ್ಕದ ತೋಟದವರು. ಈಗ ವಯಸ್ಸಾಗಿದೆ, ಕಿವಿ ಮಂದ. 2008ರ ರಜೆಯಲ್ಲಿ ಮಾವ ಗಡಿಯ ಬೇಲಿ ಹೊಸದಾಗಿ ಹಾಕಿಸುವಾಗ ಅದನ್ನು ಎರಡು ಅಡಿ ಆಚೆ ತಳ್ಳಿದರು, ಹಾಗೆ ಗಡಿಯ ಹಲಸಿನ ಮರ ನಮ್ಮ ಪಾಲಿಗೆ ಬಂತು ಅನ್ನುವುದು ಅವರ ದೂರು. ಅದು ನಿಜ ಅಂತ ನನಗೂ ಅನುಮಾನ ಇದೆ. ವರ್ಷಕ್ಕೊಮ್ಮೆ, ಹಲಸು ಹಣ್ಣಾಗುವ ಹೊತ್ತಿಗೆ, ಕೋಲೂರಿಕೊಂಡು ಬರುತ್ತಾರೆ. ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಾ ಮಾವನನ್ನು ಹೆಸರು ಹಿಡಿದು ಬೈಯುತ್ತಾರೆ. ಕಳ್ಳ, ಮಹಾ ಕಿಲಾಡಿ, ಶಾರ್ಜಾದಲ್ಲಿ ಕೂತು ಇಲ್ಲಿನ ಮಣ್ಣು ನುಂಗುವವ, ಅಳತೆಗೆ ಕರೆದರೆ ಕಾಲು ನೋವು ಅಂತ ನಾಟಕ ಮಾಡಿದವ. ಬೈಗುಳದಲ್ಲಿ ವಿಮಾನದ ಸುದ್ದಿಯೇ ಬರುವುದಿಲ್ಲ. ಈ ಸಲ ಮೊಮ್ಮಗನ ಕೈಯಲ್ಲಿ ಟೇಪ್ ಹಿಡಿಸಿಕೊಂಡೇ ಬಂದಿದ್ದರು. ನಾನು ಎರಡನೇ ಲೋಟ ಕಾಫಿ ಕೊಟ್ಟು, ಎರಡು ಹಲಸಿನ ಹಣ್ಣು ಮೊಮ್ಮಗನ ತಲೆಗೆ ಹೊರಿಸಿ, ಇನ್ನೂ ಸ್ವಲ್ಪ ಹೊತ್ತು ಕೂತು ಬೈಯಿರಿ ಅಂದೆ. ಬೇಲಿ ಮಾತ್ರ ಬಿಟ್ಟುಕೊಡುವುದಿಲ್ಲ.